ಐದು ಗಂಟೆಯ ಸಹಿ

ಹಾಜರಿ ಪುಸ್ತಕದಲ್ಲಿ 'ಪಾಠ ಮುಗಿದ ಸಮಯ: ಸಂಜೆ ಐದು' ಎಂದು ಮೊದಲೇ ಅಚ್ಚಾಗಿತ್ತು. ಗೋಡೆಯ ಗಡಿಯಾರದಲ್ಲಿ ಮಧ್ಯಾಹ್ನ ಒಂದೂ ಹತ್ತು. ಮನೆಗಳಿಗೆ ಬೆಲೆ ಕಟ್ಟುವ ಲೈಸೆನ್ಸ್ ನವೀಕರಿಸಿಕೊಳ್ಳಲು ಒಂದು ದಿನದ ಕಡ್ಡಾಯ ತರಬೇತಿಗೆ ಬಂದಿದ್ದವರೆಲ್ಲ ಸಹಿ ಗೀಚಿ, ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ಒತ್ತಾಡುತ್ತಿದ್ದರು. ಅವಳು ಮಾತ್ರ ಪೆನ್ನಿನ ಮುಚ್ಚಳವನ್ನೇ ತೆಗೆದಿರಲಿಲ್ಲ.

"ಬೇಗ ಹಾಕಿ ಮೇಡಂ. ಇವತ್ತೇ ಕೊನೇ ದಿನ. ಸಹಿ ಇಲ್ದಿದ್ರೆ ನಾಳೆಯಿಂದ ನಿಮಗೆ ಲೈಸೆನ್ಸೇ ಇರಲ್ಲ," ಎಂದರು ಮೇಷ್ಟ್ರು, ಪ್ರೊಜೆಕ್ಟರಿನ ವೈರು ಸುತ್ತುತ್ತ.

"ಹಾಕ್ತೀನಿ ಸಾರ್. ಐದು ಗಂಟೆಗೆ."

ಬಾಗಿಲ ಬಳಿ ಯಾರೋ ಕಿಸಕ್ಕನೆ ನಕ್ಕರು. ಅವಳ ಆಫೀಸಿನ ಹಿರಿಯರೊಬ್ಬರು ಅಲ್ಲಿಂದಲೇ ಕೂಗಿದರು: "ಅಮ್ಮಾ ತಾಯಿ, ನಿಂಗೆ ಕೈ ಮುಗೀತೀನಿ. ಎಲ್ಲರ ಅನ್ನಕ್ಕೂ ಕಲ್ಲು ಹಾಕಬೇಡ!" ಅವಳು ತಿರುಗಿಯೂ ನೋಡಲಿಲ್ಲ. ಕೊನೆಯ ಸಾಲಿನಿಂದ ತನ್ನ ಕುರ್ಚಿಯನ್ನು ಕರ್ರೆಂದು ಎಳೆದು ತಂದು, ಮೇಷ್ಟ್ರ ಎದುರಿಗೇ ಹಾಕಿಕೊಂಡು ಕೂತಳು.

"ನಿಮ್ಮೊಬ್ಬರಿಗೋಸ್ಕರ ಇನ್ನೂ ನಾಲ್ಕು ಗಂಟೆ ಗಂಟಲು ಹರ್ಕೊಳ್ಳಲಾ?"

"ಏಳು ಗಂಟೆ ಪಾಠ ಮಾಡಿದೀನಿ ಅಂತ ಸರ್ಟಿಫಿಕೇಟಲ್ಲಿ ನೀವೂ ಸಹಿ ಹಾಕ್ತೀರಲ್ಲ ಸಾರ್."

ಸುತ್ತುತ್ತಿದ್ದ ವೈರು ಅವರ ಕೈಯಲ್ಲೇ ನಿಂತಿತು. ಕೊನೆಗೆ ಅದನ್ನು ಮತ್ತೆ ಸಿಕ್ಕಿಸಿ, ಸಿಡಿಮಿಡಿಗುಟ್ಟುತ್ತ ಕೇಳಿದರು: "ಎಲ್ಲಿಗೆ ನಿಲ್ಲಿಸಿದ್ದೆ?"

ಅವಳು ನೋಟ್‌ಬುಕ್ ತೆರೆದು, ಬಾಗಿಲಲ್ಲಿದ್ದವರಿಗೂ ಕೇಳುವಂತೆ ಓದಿದಳು: "ಇಲ್ಲಿಗೇ ಸಾರ್ ನಿಲ್ಲಿಸಿದ್ದು. 'ಒಳಗೆ ಕಾಲಿಡದ ಮನೆಗೆ ಬೆಲೆ ಕಟ್ಟಿ ಸಹಿ ಹಾಕಬಾರದು.'"