ಹಿತ್ತಲಿನ ಬದನೆ ಸಾಲು

ಮಾರ್ಕೆಟ್ಟಿನಲ್ಲಿ ಫಳಫಳ ಹೊಳೆಯುವ ಬದನೆಕಾಯಿ ಕಂಡರೆ ಇವತ್ತಿಗೂ ಹುಳುವಿನ ಔಷಧಿಯ ವಾಸನೆ ಮೂಗಿಗೆ ಬಡಿಯುತ್ತದೆ.

ನಮ್ಮೂರು ಕಟ್ಟೆಮಳಲವಾಡಿಯಲ್ಲಿ ಮನೆ ಮುಂದಿನ ಹೊಲದ ಬದನೆ ಮಾರುವುದಕ್ಕೆ. ಅದಕ್ಕೆ ಅಪ್ಪ ಔಷಧಿ ಹೊಡೆಯುತ್ತಿದ್ದ. ನಮ್ಮ ಊಟಕ್ಕೆ ಹಿತ್ತಲಲ್ಲಿ ಬೇರೆ ಸಾಲಿತ್ತು. ಅದಕ್ಕೆ ಅವ್ವ ಬೂದಿ, ಬೇವಿನ ಕಷಾಯ ಬಿಟ್ಟು ಬೇರೇನೂ ಹಾಕುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಮ್ಮ ಟೀಚರ್ ಬದನೆ ಕೇಳಿಕೊಂಡು ಬಂದರು. ಅವ್ವ ಹಿತ್ತಲಿನದನ್ನೇ ಕಿತ್ತು ತಂದಳು. ತೂತು ನೋಡಿ ಟೀಚರ್ ಮುಖ ಸಪ್ಪಗಾಯಿತು.

"ಹುಳುಕು ನನಗೆ, ಒಳ್ಳೇದು ಪೇಟೆಗೆ, ಅಲ್ವೇನಮ್ಮ?"

"ಅಂಗಲ್ಲ ಕಣ್ರೀ ಟೀಚರಮ್ಮ..." ಅವ್ವ ತಲೆ ತಗ್ಗಿಸಿದಳು.

ಬೆಳಿಗ್ಗೆಯಷ್ಟೇ ಔಷಧಿ ಹೊಡೆದಿದ್ದ ಹೊಲಕ್ಕೆ ಟೀಚರೇ ಇಳಿದು ಬ್ಯಾಗು ತುಂಬಿಕೊಂಡರು. ಹೋಗುವಾಗ ಅದೇ ಕೈಯಲ್ಲಿ ನನ್ನ ಕೆನ್ನೆ ಸವರಿದರು.

ಅವರು ತಿರುವು ದಾಟುವವರೆಗೂ ಅವ್ವ ತಲೆ ಎತ್ತಲಿಲ್ಲ. ಆಮೇಲೆ ಸೋಪು ತಂದು ನನ್ನ ಕೆನ್ನೆ ತೊಳೆದಳು.