ಅಜ್ಜನ ಬಲಗಡೆಯ ಜಾಗ

ಬೀಳಗಿ ಕಡೆಯ ನಮ್ಮ ಹೊಲದ ಮೇಲೆ ಡ್ಯಾಮಿನ ಹಿನ್ನೀರು ನಿಂತು ವರ್ಷಗಳಾದವು. ಆದರೂ ವಿಭೂತಿಗಟ್ಟಿ ಮುರಿದಾಗ ಏಳುವ ಒಣ ವಾಸನೆಗೆ ನನಗೆ ಅಲ್ಲಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜನನ್ನು ನಮ್ಮವರ ಪದ್ಧತಿಯಂತೆ ಆ ಹೊಲದಲ್ಲೇ ಕೂಡಿಸಿ ಮಣ್ಣು ಮಾಡಿದ್ದರು. ಮೂರು ತಿಂಗಳಿಗೆ ಅವನ ಮುಧೋಳ ನಾಯಿ ಬಾಣ್ಯಾ ಸತ್ತಿತು. ಅದನ್ನು ಅಜ್ಜನ ಬಲಕ್ಕೇ ಹೂಳಬೇಕೆಂದು ಅಜ್ಜಿ ಹಟ ಹಿಡಿದಳು.

"ಅವ್ವಾ, ಅದು ನಿನಗಂತ ಬಿಟ್ಟ ಜಾಗಾ. ಮಂದಿ ನಗತಾರ," ಎಂದ ಕಾಕಾ.

"ನನ್ನ ಜಾಗಾ ನಾ ಯಾರಿಗರೆ ಕೊಡ್ತೀನಿ. ನಗೋರು ನಗಲಿ."

ವೆಕೇಶನ್ನಿಗೆಂದು ಕಾನ್ವೆಂಟ್ ಬೋರ್ಡಿಂಗ್‌ನಿಂದ ಬಂದಿದ್ದ ನಾನು ಬಹಳ ಸೀರಿಯಸ್ಸಾಗಿ ಹೇಳಿದೆ: "ನಾಯಿಗೆ ಆತ್ಮ ಇರೂದಿಲ್ಲಂತ ನಮ್ಮ ಸಿಸ್ಟರ್ ಹೇಳ್ಯಾರ."

"ನಿಮ್ಮ ಸಿಸ್ಟರ್ ನಾಯಿ ಸಾಕ್ಯಾರೇನು?" ಎಂದಳು ಅಜ್ಜಿ.

ಇಲ್ಲವೆಂದೆ.

ಕಾಕಾ ಸೋತು ಗುದ್ದಲಿ ಹಿಡಿದ. ಅಜ್ಜಿ ವಿಭೂತಿಗಟ್ಟಿ ಮುರಿದು ಬಾಣ್ಯಾನ ವೆಲ್ವೆಟ್ಟಿನಂಥ ಕಿರಿದಾದ ಹಣೆಗೆ ಸವರಿದಳು. ಅಜ್ಜ ರೊಟ್ಟಿ ಹಾಕುತ್ತಿದ್ದ ಕೈಯ ಕಡೆಗೇ ಅದನ್ನು ಮಲಗಿಸಿದರು.

ಮಣ್ಣು ಎಳೆದು ಮುಗಿದ ಮೇಲೆ ಕಾಕಾ ಕೇಳಿದ, "ಮತ್ತ ನಾಳೆ ನಿನ್ನ ಎಲ್ಲಿ ಕೂಡಸೂದು?"

ಅಜ್ಜಿ ಹಸಿ ಮಣ್ಣಿನ ಆಚೆ ಬದಿಗೆ ಹೋಗಿ, ಸೀರೆ ಸರಿಮಾಡಿಕೊಂಡು ಚಕ್ಕಳಮಕ್ಕಳ ಹಾಕಿ ಕುಳಿತಳು. ಮೊಣಕಾಲು ಬಾಣ್ಯಾನ ಗುಡ್ಡೆಗೆ ತಾಗಿತು. ಅತ್ತಿತ್ತ ನೋಡಿ ಜಾಗ ಸರಿಯಾಯಿತೆಂಬಂತೆ ತಲೆ ಆಡಿಸಿದಳು.

"ಇಲ್ಲೇ. ನಡುವ ಅದು ಇರಲಿ. ನಿಮ್ಮಪ್ಪನ ಗೊರಕಿ ಇನ್ನರೆ ನನಗ ಕೇಳಬಾರದು."