ಹೋಗದ ಮಸಿ

ಅತ್ತೆ ಚೇತರಿಸಿಕೊಂಡು ಸಂಜೆ ಆಸ್ಪತ್ರೆಯಿಂದ ಮನೆಗೆ ಬರುವವರಿದ್ದರು. ಅಷ್ಟರೊಳಗೆ ಅವರ ಪಾತ್ರೆಗಳ ತಳದಲ್ಲಿದ್ದ ಹೆಸರುಗಳೆಲ್ಲ ಅಳಿಯಬೇಕಿತ್ತು.

ಡಾಕ್ಟರು ಕೈಚೆಲ್ಲಿದ ದಿನ ವಾರಿಜ ಮತ್ತು ಅವಳ ಓರಗಿತ್ತಿ, ಮುಂದೆ ಜಗಳ ಬೇಡವೆಂದು ಎಲ್ಲವನ್ನೂ ಹಂಚಿಕೊಂಡು, ಮಾರ್ಕರಿನಲ್ಲಿ ತಮ್ಮ ತಮ್ಮ ಹೆಸರು ಬರೆದಿಟ್ಟಿದ್ದರು. ಅತ್ತೆ ದಿನವೂ ಕಾಫಿ ಕುಡಿಯುವ ಬೆಳ್ಳಿ ಲೋಟದ ಮೇಲೆ ಬರೆಯಲು ಮಾತ್ರ ಇಬ್ಬರಿಗೂ ಮನಸ್ಸು ಬಂದಿರಲಿಲ್ಲ.

ಬೆಳಗಿನಿಂದ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಉಜ್ಜಿ ಉಜ್ಜಿ ವಾರಿಜಳ ರಟ್ಟೆ ಬಿದ್ದುಹೋಗಿತ್ತು. ಸ್ಟೀಲಿನ ಮೇಲಿನದು ಹೇಗೋ ಹೋಯಿತು. ಜಮಖಾನದ ಅಂಚಿನಲ್ಲಿದ್ದ ಹೆಸರು ಎಷ್ಟು ತಿಕ್ಕಿದರೂ ಮಸಿಯಾಗಿ ಹರಡಿತೇ ಹೊರತು ಹೋಗಲಿಲ್ಲ. ಸಾಕಾಗಿ ಅದನ್ನು ಮಡಿಸಿ ಅಟ್ಟಕ್ಕೆ ಹಾಕಿದಳು.

ಗಂಡ ಶ್ರೀಕಂಠ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ನಮ್ಮಮ್ಮ ಇನ್ನೂ ಉಸಿರಾಡ್ತಿರೋವಾಗ್ಲೇ ಪಾಲು ಮಾಡ್ಕೊಂಡ್ರಲ್ಲ. ಹೆಂಗೆ ಮನಸ್ಸು ಬಂತೋ ನಿಮಗೆ."

"ತಪ್ಪಾಯ್ತು ಅಂದ್ನಲ್ಲ," ಎಂದಳು ವಾರಿಜ ತಲೆ ಎತ್ತದೆ. "ಆ ಕೊಳಗ ಸ್ವಲ್ಪ ಇತ್ಲಾಗೆ ಕೊಡಿ."

"ಇಂಥ ಕೆಲಸಕ್ಕೆ ನಾನು ಕೈ ಹಾಕಲ್ಲ."

ಸಂಜೆ ಅತ್ತೆ ಬಂದರು. ನೋಡಲು ಬಂದ ನೆಂಟರು ಅವರೆದುರು ಚಾಪೆಯ ಮೇಲೆ ಕೂತರು. ವಾರಿಜ ಬೆಳ್ಳಿ ಲೋಟದಲ್ಲಿ ಕಾಫಿ ತಂದುಕೊಟ್ಟು ನೆಂಟರ ಪಕ್ಕದಲ್ಲೇ ಕುಸಿದು ಕೂತಳು. ಅತ್ತೆ ಎಂದಿನಂತೆ ಎಂಜಲು ಮಾಡದೆ, ತಲೆ ಹಿಂದಕ್ಕೆ ವಾಲಿಸಿ, ಲೋಟವನ್ನು ಎತ್ತಿ ಹಿಡಿದು ಕುಡಿಯತೊಡಗಿದರು.

ಲೋಟದ ತಳದಲ್ಲಿ, ಅವಳ ಗಂಡನ ದುಂಡನೆಯ ಕೈಬರಹದಲ್ಲಿ, 'ಶ್ರೀಕಂಠ' ಎಂದಿತ್ತು.